ನನ್ನ ಮೇಲೆಯೇ ಸಾಕ್ಷಿ ಹೇಳಿದ ವಾಕ್ಯ

ಆ ವಾಕ್ಯ ಬರೆದವನು ನಾನೇ. ಈಗ ಹಾಗೆಂದರೆ ಯಾರೂ ನಂಬುವುದಿಲ್ಲ.

ನಿವೃತ್ತನಾದ ಮೇಲೆ ಬಂಟ್ವಾಳದ ಮನೆಯಲ್ಲಿ ಕೂತು, ಯಾರು ಬೇಕಾದರೂ ಬರೆದು ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶಕ್ಕೆ ಊರಿನ ಬಗ್ಗೆ ಬರೆಯತೊಡಗಿದೆ. ಮಕ್ಕಳ ಕನ್ನಡಕ್ಕೆ ಜೀವನವಿಡೀ ಕೆಂಪು ಶಾಯಿ ಹಚ್ಚಿದ ಕೈ ಸುಮ್ಮನಿದ್ದೀತೇ? ಬೇರೆಯವರು ಬರೆದದ್ದನ್ನು ‘ಆಧಾರ ಎಲ್ಲಿ?’ ಎಂದು ಕೇಳಿ ಅಳಿಸುವುದರಲ್ಲಿ ನನಗೊಂದು ಸುಖವಿತ್ತು. ಆದರೆ ನೇತ್ರಾವತಿ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದ ಹಳೆಯ ಕಡವಿನ ಬಗ್ಗೆ ಬರೆಯುವಾಗ, ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೇಳಿದ ಮಾತೊಂದನ್ನು ಹಾಗೆಯೇ ಸೇರಿಸಿದೆ: ದೊಡ್ಡ ನೆರೆಯ ದಿನ ಅಂಬಿಗ ದೋಣಿ ಬಿಟ್ಟು ಕನ್ಯಾನಕ್ಕೆ ಓಡಿಹೋದ, ಆಚೆ ದಡದವರು ಅಲ್ಲೇ ಉಳಿದರು. ಆಧಾರ ಕೊಡಲಿಲ್ಲ. ಊರಿನವನಿಗೆ ಆಧಾರ ಯಾಕೆ ಎಂಬ ಅಹಂಕಾರ.

ಎರಡು ವರ್ಷದ ಮೇಲೆ ಬೆಳ್ತಂಗಡಿಯಿಂದ ಒಬ್ಬ ಮುದುಕಿ ಬಂದರು. ಆ ಅಂಬಿಗನ ಮಗಳು. ಅವರಿಗೆ ಓದು ಬಾರದು. ಗಲ್ಫಿನಲ್ಲಿರುವ ಮೊಮ್ಮಗ ಫೋನಿನಲ್ಲಿ ಓದಿ ಹೇಳಿದ್ದನಂತೆ. ಇಂಥದ್ದನ್ನೆಲ್ಲ ತಿದ್ದುವ ಮಾಸ್ಟ್ರು ನಾನು ಎಂದು ಯಾರೋ ಮನೆ ತೋರಿಸಿದ್ದರು. ಬರೆದವನೂ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

“ಅಪ್ಪ ಓಡಿಹೋಗಲಿಲ್ಲ ಮಾಸ್ಟ್ರೆ. ಕತ್ತಲೆಯಾಗುವವರೆಗೆ ಜನ ದಾಟಿಸಿದ್ದಾರೆ. ನಾನು ದೋಣಿಯಲ್ಲೇ ಇದ್ದೆ, ತೆಂಗಿನ ಗೆರಟೆಯಲ್ಲಿ ನೀರು ತೆಗೆದು ಹೊರಗೆ ಹಾಕ್ತಾ ಇದ್ದೆ” ಎಂದರು. ಮನೆ ಕೊಚ್ಚಿಹೋದದ್ದರಿಂದ ವಾರ ಕಳೆದು ಎಲ್ಲರೂ ಕನ್ಯಾನದ ಅಜ್ಜಿಮನೆಗೆ ಹೋದದ್ದಂತೆ. ಸಾಯುವ ಮೊದಲು ಆ ಮಾತು ಅಳಿಸಿದ್ದನ್ನು ಕೇಳಬೇಕು ಎಂದರು. ನನಗೆ ನಾಚಿಕೆಯಾಯಿತು. ಅವರು ಬಸ್ಸು ಹತ್ತುವುದರೊಳಗೆ ಅಳಿಸಿದೆ.

ಮರುದಿನ ವಾಕ್ಯ ಮತ್ತೆ ಅಲ್ಲೇ ಇತ್ತು. ಮುದ್ರಿತ ಆಧಾರವಿರುವುದನ್ನು ಸುಮ್ಮನೆ ಅಳಿಸಬಾರದು ಎಂದು, ನಾನು ಕಂಡು ಕೇಳರಿಯದ ಒಬ್ಬ ಸಂಪಾದಕ ಬರೆದಿದ್ದ. ನೋಡಿದರೆ ಹೌದು, ಯಾರೋ ಆಧಾರ ಸೇರಿಸಿದ್ದರು: ಮೂಡುಬಿದಿರೆ ಕಡೆಯ ಒಂದು ಶಾಲೆಯ ಅಮೃತ ಮಹೋತ್ಸವದ ಸ್ಮರಣ ಸಂಚಿಕೆ. ನಮ್ಮಲ್ಲಿ ದೇವಸ್ಥಾನದ ಬ್ರಹ್ಮಕಲಶವಾಗಲಿ, ಶಾಲೆಯ ಉತ್ಸವವಾಗಲಿ, ಸಂಚಿಕೆ ಬರಲೇಬೇಕು. ಜಾಹೀರಾತುಗಳ ನಡುವೆ ನಾಲ್ಕು ಪುಟ ಜಿಲ್ಲೆಯ ಇತಿಹಾಸವೂ ಬೇಕು. ಮೂಡುಬಿದಿರೆಗೆ ಹೋಗಿ ಪುಟ ತೆರೆದೆ. ಅಕ್ಷರ ಬಿಡದೆ ನನ್ನದೇ ವಾಕ್ಯ.

ಸಂಚಿಕೆ ಹೊರತಂದವರು ಒಳ್ಳೆಯವರೇ. ಚಹಾ ತರಿಸಿದರು. ಈ ಪುಟ ವಿಶ್ವಕೋಶದಿಂದ ತೆಗೆದದ್ದು ಎಂದು ಎರಡು ಸಾಲು ಬರೆದುಕೊಡಿ ಎಂದೆ.

“ಹಾಗೆ ಬರೆದುಕೊಟ್ಟರೆ ಸಮಿತಿಯವರ ಎದುರು ನಾನು ಮುಖ ಎತ್ತಿ ನಡೆಯಲಿಕ್ಕುಂಟಾ ಮಾರಾಯ್ರೆ?”

ವಿಶ್ವಕೋಶದ ಚರ್ಚೆಯ ಪುಟದಲ್ಲಿ ಎಲ್ಲವನ್ನೂ ಬರೆದೆ. ವಾಕ್ಯ ನನ್ನದು, ಸಂಚಿಕೆಗಿಂತ ಹಳೆಯದು, ಮಗಳು ಕಣ್ಣಾರೆ ಕಂಡಿದ್ದಾರೆ ಎಂದೆ. ಸಂಚಿಕೆಯವರು ಬೇರೆ ಕಡೆಯಿಂದಲೂ ತಿಳಿದಿರಬಹುದು, ಮನೆಯವರ ನೆನಪು ಆಧಾರವಾಗದು ಎಂದು ಉತ್ತರ ಬಂತು. ಸಿಟ್ಟಿನಿಂದ ಮತ್ತೆ ಮತ್ತೆ ಅಳಿಸಿದೆ. ಅಲ್ಲಿನ ಸಂಪಾದಕರು ನನ್ನ ತಿದ್ದುವ ಹಕ್ಕನ್ನೇ ಕಿತ್ತುಕೊಂಡರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಆ ನಿಯಮವನ್ನು ಹಿಡಿದು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇನೋ.

ಕೊನೆಗೆ ಬೆಳ್ತಂಗಡಿಗೆ ಹೊರಟೆ, ನಿಜ ಹೇಳುವುದಕ್ಕೆ. ಮಡಂತ್ಯಾರಿನಲ್ಲಿ ಬಸ್ಸು ನಿಂತಾಗ ಇಳಿದು ಹಿಂದೆ ಹೋಗುವ ಎನಿಸಿತ್ತು. ಹೋಗಲಿಲ್ಲ.

ಅವರು ಜಗಲಿಯಲ್ಲಿ ಕೂತಿದ್ದರು, ಮೊದಲಿಗಿಂತ ಬಡಕಲಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: “ಪುಸ್ತಕದಲ್ಲೂ ಉಂಟಂತೆ, ಮೊಮ್ಮಗ ಹೇಳಿದ. ನಾನಾಗ ಸಣ್ಣವಳು. ನಾನು ದೋಣಿಯಲ್ಲಿದ್ದದ್ದು ಬೇರೆ ಯಾವುದೋ ದಿನ ಇರಬೇಕು, ಮಾಸ್ಟ್ರೆ. ನನಗೇ ತಪ್ಪಿದ್ದು.”

ಅದನ್ನು ಬರೆದದ್ದು ನಾನು, ಬಾಯಿಮಾತು ಕೇಳಿ ಬರೆದದ್ದು, ನಿಮ್ಮ ನೆನಪೇ ಸರಿ ಎಂದೆ. ಎರಡು ಸಲ ಹೇಳಿದೆ.

ಅವರು ನನ್ನ ಕೈ ಮೇಲೆ ಕೈಯಿಟ್ಟರು. “ನನ್ನ ಸಮಾಧಾನಕ್ಕೆ ನೀವು ಸುಳ್ಳು ಹೇಳುವುದು ಬೇಡ” ಎಂದು, ಸೊಸೆಯನ್ನು ಕರೆದು ನನಗೆ ಚಹಾ ಮಾಡಲು ಹೇಳಿದರು.