ಹುರಿಗಡಲೆ ಹಿಟ್ಟು

ತರೀಕೆರೆಯ ನಮ್ಮ ಮನೆಯಲ್ಲಿ, ಮಧ್ಯಾಹ್ನ ಅಂಗನವಾಡಿಯಿಂದ ಹಸಿದು ಬರುವ ನಾಲ್ಕು ವರ್ಷದ ಮಗಳಿಗೆ ಸುಲಭದ ಸಿಹಿಯೆಂದರೆ ಹುರಿಗಡಲೆ ಉಂಡೆ. ಹುರಿಗಡಲೆ, ಸಕ್ಕರೆ, ಒಂದು ಏಲಕ್ಕಿಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಬಿಸಿ ಹಾಲು ಚಿಮುಕಿಸಿ ಉಂಡೆ ಕಟ್ಟಬೇಕು. ಅವತ್ತು ಹಾಲು ಕಾಯಿಸಲು ನನಗೆ ಸೋಮಾರಿತನ. ಒಣ ಹಿಟ್ಟನ್ನೇ ಬಟ್ಟಲಿಗೆ ಸುರಿದು ಕೊಟ್ಟೆ.

ಅವಳು ಬಾಯಿ ತುಂಬ ಹಾಕಿಕೊಂಡು, ಏನೋ ಹೇಳಲು ಹೋಗಿ ನಕ್ಕಳು. ಕೆಮ್ಮು ಶುರುವಾಯಿತು.

ಪಕ್ಕದಲ್ಲಿದ್ದ ನಮ್ಮತ್ತೆ ಅವಳ ನೆತ್ತಿ ತಟ್ಟಿದರು. "ನೆತ್ತಿಗೆ ಹತ್ತೈತೆ ಕಣೇ, ಯಾರೋ ನೆನೆಸ್ಕೊತಾವ್ರೆ. ಯಾರು, ಕಡೂರಿಗೆ ಹೋಗಿರೋ ನಿಮ್ಮಪ್ಪನಾ?" ಕೆಮ್ಮು ನಿಲ್ಲಲಿಲ್ಲ. "ಅಜ್ಜಂಪುರದ ಚಿಕ್ಕಮ್ಮನಾ?"

ಕೆಮ್ಮು ನಿಂತಿತು.

"ನೋಡು, ಅವಳೇ!" ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಅದನ್ನು ಯಾಕೆ ಮುಚ್ಚಿಡಲಿ?

ಆಮೇಲೆ ಮಗಳ ಮುಖ ನೋಡಿದೆ. ಬಾಯಿ ತೆರೆದೇ ಇತ್ತು, ಉಸಿರಿನ ಸದ್ದಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು. ಅವಳನ್ನೆಳೆದು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಬಡಿದೆ. "ಮಗೂನ ಹೊಡೀತೀಯೇನೇ!" ಎಂದು ಅತ್ತೆ ನನ್ನ ಕೈ ಹಿಡಿದರು. ಅವರನ್ನು ತಳ್ಳಿ ಮತ್ತೆ ಬಡಿದೆ. ನಾಲ್ಕನೆಯ ಏಟಿಗೆ ಹಿಟ್ಟಿನ ಮುದ್ದೆಯೊಂದು ನನ್ನ ಪಾದದ ಮೇಲೆ ಬಿತ್ತು. ಅವಳು ಮನೆ ಹಾರಿಹೋಗುವಂತೆ ಅತ್ತಳು.

ಈಗ ಎಷ್ಟೇ ಕೆಲಸವಿದ್ದರೂ ಹಾಲು ಕಾಯಿಸಿ ಉಂಡೆಯನ್ನೇ ಕಟ್ಟುತ್ತೇನೆ. ಅವಳು ತಿನ್ನುವಾಗ ಕೆಮ್ಮಿದರೆ ಒಲೆಯ ಮುಂದೆಯೇ ನಿಂತಿರುತ್ತೇನೆ. ಕೆಮ್ಮು ನಿಂತರೆ ಓಡುತ್ತೇನೆ.