ಸಾಮಾನ್ಯ ಮೇಷ್ಟ್ರ ಗುರುತು

ಕಾಲೇಜಿನಲ್ಲಿ ಅವರನ್ನು ಸಾಮಾನ್ಯ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮನುಷ್ಯ ಸಾಮಾನ್ಯ ಎಂದಲ್ಲ. ‘ಸಾಮಾನ್ಯವಾಗಿ’ ಎಂಬ ಪದವಿಲ್ಲದೆ ಅವರ ಬಾಯಿಂದ ವಾಕ್ಯ ಹೊರಡುತ್ತಿರಲಿಲ್ಲ. ಗಣಿತದವರಿಗೆ ಅದು ಅಂಟುಜಾಡ್ಯ.

ಹುಟ್ಟಿದಾಗಿನಿಂದ ಮೇಷ್ಟ್ರಿಗೆ ಮುಖಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮೂಗು ಕಾಣುತ್ತಿತ್ತು, ಬಾಯಿ ಕಾಣುತ್ತಿತ್ತು, ಎಲ್ಲ ಸೇರಿ ಯಾರು ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ. ಪ್ರಾಂಶುಪಾಲರನ್ನು ಕೆಮ್ಮಿನಿಂದ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿಯನ್ನು ಮಾತ್ರೆಗಳ ವಾಸನೆಯಿಂದ ಗುರುತಿಸುತ್ತಿದ್ದರು. ಮುಖ ನೋಡಿ ಮಣೆ ಹಾಕುತ್ತಾರೆಂದು ಅವರ ಮೇಲೆ ಯಾರೂ ದೂರುವಂತಿರಲಿಲ್ಲ.

ಇಂಥವರು ಆರಿಸಿಕೊಂಡ ವಿಷಯ ನೋಡಿ. ಅಬೀಲಿಯನ್ ವೆರೈಟಿ ಎಂದರೆ ಸೈಕಲ್ ಟ್ಯೂಬಿನ ಮೈಯಂತೆ ಸುತ್ತಿ ಬಂದು ತನ್ನನ್ನೇ ಸೇರುವ ಜಾಗ. ಅಲ್ಲಿ ಬಿಂದುಗಳನ್ನು ಸಂಖ್ಯೆಗಳಂತೆ ಕೂಡಬಹುದು. ಪ್ರತಿ ಬಿಂದುವಿಗೂ ಒಂದು ವಿರುದ್ಧ ಬಿಂದು ಉಂಟು. ಅದರೊಳಗೆ ಒಂದು ಆಯಾಮ ಕಡಿಮೆಯ ಹಾಳೆ ಇದ್ದರೆ, ಆ ಹಾಳೆ ಯಾರನ್ನೂ ಕೇಳದೆ ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ. ಅದೇ ಕೆನಾನಿಕಲ್ ಮ್ಯಾಪ್. ಪ್ರಶ್ನೆ ಇಷ್ಟೇ: ಬೇರೆ ಬೇರೆ ಬಿಂದುಗಳು ಚಿತ್ರದಲ್ಲೂ ಬೇರೆಯಾಗಿಯೇ ಉಳಿಯುತ್ತವೆಯೇ? ತೀರಾ ಸರಳ ಹಾಳೆಯಲ್ಲಿ ಉಳಿಯುವುದಿಲ್ಲ. ಅಲ್ಲಿ ಚಿತ್ರಕ್ಕೆ ಸಿಗುವುದು ಹಾಳೆ ಎಲ್ಲೆಲ್ಲಿ ಯಾವ ಕಡೆ ವಾಲಿದೆ ಎಂಬ ಸುದ್ದಿ ಮಾತ್ರ. ಬಿಂದುವೂ ಅದರ ವಿರುದ್ಧವೂ ಒಂದೇ ಥರ ವಾಲಿರುವುದರಿಂದ ಎರಡೂ ಹೋಗಿ ಒಂದೇ ಕಡೆ ಬೀಳುತ್ತವೆ. ಇನ್ನಷ್ಟು ಸುದ್ದಿ ಕೊಡುವ ಹಾಳೆಗಳಲ್ಲಿ, ಸಾಮಾನ್ಯವಾಗಿ, ಈ ಗೊಂದಲವಿಲ್ಲ. ಇದರದೊಂದು ಸಣ್ಣ ಪ್ರಕರಣವನ್ನು ಮೇಷ್ಟ್ರು ಸಾಧಿಸಿದ್ದರು. ಅದನ್ನು ಮೆಚ್ಚಿ ಬರೆದಿದ್ದ ವಿದ್ವಾಂಸರು ಸಮ್ಮೇಳನದಲ್ಲಿ ಎರಡನೇ ಸಲ ಎದುರಾದಾಗ, ಕಾಫಿ ಎಲ್ಲಿ ಕೊಡುತ್ತಾರೆ ಎಂದು ಮೇಷ್ಟ್ರು ಅವರನ್ನೇ ಕೇಳಿದ್ದರು.

ಅಷ್ಟಾದರೆ ಪರವಾಗಿರಲಿಲ್ಲ. ಹೆಂಡತಿಗೆ ಸಂಜೆ ಪಾಳಿ ಬಿದ್ದ ದಿನ ಮಗಳನ್ನು ಕರೆತರಲು ಶಾಲೆಗೆ ಹೋದರು. ಗೇಟಿನ ತುಂಬ ಒಂದೇ ನೀಲಿ ಬಟ್ಟೆ. ಮಗಳು ಚೀಲದ ಭಾರಕ್ಕೆ ಎಡಕ್ಕೆ ವಾಲುತ್ತಾಳೆಂಬುದು ಅವರ ಲೆಕ್ಕ. ಎಡಕ್ಕೆ ವಾಲಿದ ಹುಡುಗಿಯ ಕೈ ಹಿಡಿದು ಮನೆಗೆ ಬಂದರು. ದೊಡ್ಡವರು ಕೈ ಹಿಡಿದರೆ ಸುಮ್ಮನೆ ನಡೆಯಬೇಕೆಂದು ಆ ಮಗುವಿಗೆ ಯಾರೋ ಚೆನ್ನಾಗಿ ಕಲಿಸಿದ್ದರು. ಅದು ಬಿಸ್ಕತ್ತು ತಿಂದು ಮುಗಿಸಿ, ಇದು ಯಾರ ಮನೆ ಎಂದು ಕೇಳಿದಾಗ ಮೇಷ್ಟ್ರು ಅದನ್ನು ಎತ್ತಿಕೊಂಡು ಶಾಲೆಗೆ ಓಡಿದರು.

ಅದಲುಬದಲು ಮುಗಿದು, ಆ ಮಗುವಿನ ತಾಯಿಯಿಂದ ಬೈಗುಳದ ಅಭಿಷೇಕವಾದ ಮೇಲೆ, ಸಾಮಾನ್ಯವಾಗಿ ಹೀಗಾಗುವುದಿಲ್ಲ ಎಂದು ಮೇಷ್ಟ್ರು ಹೆಂಡತಿಗೆ ಹೇಳಿದರು.

“ಸಾಮಾನ್ಯವಾಗಿ ನಮ್ಮ ಮಗೂನೇ ಕರ್ಕೊಂಡು ಬರ್ತೀರ ಅನ್ನಿ,” ಎಂದಳು ಅವಳು. ಅಂದಿನಿಂದ ಆ ಕೆಲಸ ಪಕ್ಕದ ಮನೆಯವರ ಪಾಲಾಯಿತು.

ಒಂದು ದಿನ ಶೂ ಲೇಸು ಕಟ್ಟಿಸಿಕೊಳ್ಳುತ್ತ ಮಗಳು ಹೇಳಿದಳು: “ನೀವು ಬಂದಿದ್ದು ನೋಡ್ದೆ ಅಪ್ಪ. ಅವಳನ್ನೇ ಆರಿಸ್ಕೊಂಡ್ರಿ ಅಂದ್ಕೊಂಡೆ. ಅದಕ್ಕೇ ಕೂಗ್ಲಿಲ್ಲ.”

ಮೇಷ್ಟ್ರ ಕೈಯಲ್ಲಿ ಲೇಸು ಗಂಟು ಬಿತ್ತು.

ಇನ್ನೊಂದು ಅವಕಾಶ ಕೊಡೆಂದು ಹೆಂಡತಿಯ ಬೆನ್ನು ಹತ್ತಿದರು. ಅವಳು ಒಲ್ಲದ ಮನಸ್ಸಿನಿಂದ ಒಪ್ಪಿದಳು. ಚೀಲಕ್ಕೆ ಕೆಂಪು ರಿಬ್ಬನ್ ಕಟ್ಟೋಣವೆಂದರೆ ಮಗಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ರಿಬ್ಬನ್ ಅಲ್ಲ, ತನ್ನನ್ನೇ ಗುರುತು ಹಿಡಿಯಬೇಕು ಎಂದಳು.

ಮರುದಿನ ಮೇಷ್ಟ್ರು ಗೇಟಿನ ಮುಂದೆ ನಿಂತರು. ನೀಲಿ ಬಟ್ಟೆ, ಜಡೆ, ಚೀಲ. ಅರ್ಧಕ್ಕರ್ಧ ಮಕ್ಕಳು ಎಡಕ್ಕೇ ವಾಲಿದ್ದರು. ಎಲ್ಲರೂ ಕತ್ತು ಚಾಚಿ ತಮ್ಮ ತಮ್ಮವರನ್ನು ಹುಡುಕುತ್ತಿದ್ದರು. ಗೋಡೆಯ ಪಕ್ಕ ಒಂದು ಹುಡುಗಿ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿತ್ತು. ಅಪ್ಪ ಮತ್ತೆ ಬೇರೆಯವಳ ಕೈ ಹಿಡಿದರೆ ಅದನ್ನು ನೋಡುವ ಧೈರ್ಯ ಅದಕ್ಕಿರಲಿಲ್ಲ. ಹಾಗೆ ಹೆದರಬೇಕಾದ ಮಗು ಆ ಶಾಲೆಯಲ್ಲಿ ಒಂದೇ ಇತ್ತು.

ಮೇಷ್ಟ್ರು ನೆಟ್ಟಗೆ ಹೋಗಿ ಅದರ ಕೈ ಹಿಡಿದರು.

“ಸರಿಯಾಗಿ ನೋಡಿದ್ರಾ?” ಎಂದು ಅದು ಕಣ್ಣು ಮುಚ್ಚಿಕೊಂಡೇ ಕೇಳಿತು.

“ನೀನೇ,” ಎಂದರು ಮೇಷ್ಟ್ರು.

ಮಗಳು ಕಣ್ಣು ಬಿಟ್ಟು, ಕೈ ಹಿಡಿದವರು ತನ್ನ ಅಪ್ಪನೇ ಎಂದು ಖಾತ್ರಿ ಮಾಡಿಕೊಂಡು, ಚೀಲವನ್ನು ಅವರ ಹೆಗಲಿಗೆ ದಾಟಿಸಿದಳು.