ಯಾವ ಮರದ ಚಿಗುರು

ನರ್ಸಮ್ಮ ಕೈಗಡಿಯಾರದ ಮುಖವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಿದ್ದರು. ನಾಡಿ ಹಿಡಿದಾಗ ಮುಳ್ಳು ನೇರ ಕಣ್ಣಿಗೆ ಸಿಗಲಿ ಅಂತ. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಮಣಿಕಟ್ಟಿನ ಒಳಗಡೆ ಗಡಿಯಾರದಷ್ಟಗಲ ಚರ್ಮ ಬಿಳುಚಿಕೊಂಡಿತ್ತು.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟು ತೆಂಗಿನಮರ ಹತ್ತಿದವನು. ಹಾಲ್ಕುರಿಕೆ ಸುತ್ತ ನನ್ನಷ್ಟು ಬೇಗ ಹತ್ತಿ ಇಳಿಯುವವರು ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳಲ್ಲ. ಒಂದು ಮಳೆಗಾಲ ಜಾರಿ ಬಿದ್ದೆ. ಎಡಗಾಲು ಮುರಿದು ಕೊಳೆಯತೊಡಗಿ, ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ತೆಗೆದರು. ಮನೆಗೆ ಬಂದ ಮೇಲೆ ದಿನಾ ಪಟ್ಟಿ ಬದಲಾಯಿಸಲು ಪಕ್ಕದ ಬೀದಿಯಿಂದ ನರ್ಸಮ್ಮ ಬರುತ್ತಿದ್ದರು. ನಾವು ಕರೆದಿರಲಿಲ್ಲ, ಅವರಾಗೇ ಬಂದರು.

ಹಳೇ ಪಟ್ಟಿ ಗಾಯಕ್ಕೆ ಅಂಟಿಕೊಂಡಿರುತ್ತಿತ್ತು. ಕಿತ್ತರೆ ಜೀವ ಹೋದ ಹಾಗೆ. ಅದಕ್ಕೆ ನೀರು ಬಿಟ್ಟು, ನೆನೆಯುವವರೆಗೆ ಚೀಲದಿಂದ ತಮ್ಮ ಧರ್ಮಗ್ರಂಥ ತೆಗೆದು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದರು. "ನೋವಾದ್ರೆ ನನ್ನ ಬೈಯಪ್ಪ, ಕಾಲನ್ನ ಬೈಬೇಡ" ಅನ್ನೋರು. ಬೈದಿದ್ದೂ ಉಂಟು. "ಏನ್ಲಾ, ಶಿಲುಬೆ ಯಾವಾಗ ಕಟ್ಕೋತೀಯ?" ಅಂತ ಜೊತೆಗಾರರು ರೇಗಿಸಿದ್ದು ಅವರ ಕಿವಿಗೂ ಬಿತ್ತು. ಅಂದಿನಿಂದ, "ಮೊದಲು ನಿನ್ನ ದೇವರಿಗೆ ಕೈ ಮುಗಿ, ಆಮೇಲೆ ಪಟ್ಟಿ" ಅನ್ನೋರು.

ಕ್ರಿಸ್ಮಸ್ ಹತ್ತಿರ ಬಂದಿತ್ತು. ಒಂದು ದಿನ ಮಾತ್ರ ಗಟ್ಟಿಯಾಗಿ ಓದಿದರು. ಯೇಸು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲಿದ್ದ ಒಬ್ಬ ಪ್ರವಾದಿಯ ಮಾತು: ಕಡಿದುಹೋದ ರಾಜವಂಶದ ಬುಡದಲ್ಲಿ ಚಿಗುರು ಒಡೆಯುತ್ತದೆ ಅಂತ. ಓದಿ ಕಣ್ಣೆತ್ತಿದವರಿಗೆ ನನ್ನ ಮೊಂಡುಕಾಲು ಕಂಡಿತು. ಮುಖ ಸಣ್ಣದಾಯಿತು.

"ಹಬ್ಬದ ಪಾಠ ಕಣಪ್ಪ, ನಿನಗೆ ಅಂತ ಓದಲಿಲ್ಲ."

ನನಗೆ ಸಿಟ್ಟು ಬಂತು. "ಬುಡ ಕಡಿದ ತೆಂಗು ಎಲ್ಲಾದ್ರೂ ಚಿಗುರಿದ್ದು ಕಂಡಿದ್ದೀರಾ? ಸುಳಿ ಹೋಯ್ತಾ, ಮುಗೀತು. ನಂದೂ ಅಷ್ಟೇ. ಬರೆದೋನು ಮರ ಹತ್ತಿದೋನಲ್ಲ ಬುಡಿ."

"ಅದು ನಿಜ" ಎಂದು ಪಟ್ಟಿ ಕಟ್ಟಿ ಹೋದರು.

ಮರುದಿನ ಚೀಲ ಇಳಿಸುವ ಮೊದಲೇ ಶುರು ಮಾಡಿದರು. "ಆ ಚಿಗುರು ಯೇಸುನೇ ಅಂತ ನಾವು ನಂಬ್ತೀವಿ. ಯೆಹೂದ್ಯರು ಹಂಗೆ ಓದಲ್ಲ; ಅವರಲ್ಲಿ ಎಷ್ಟೋ ಜನ ಇನ್ನೂ ಕಾಯ್ತಾ ಇದಾರೆ. ಮಾತು ಮೊದಲು ಅವರದೇ."

"ಯೇಸು ಬಂದ ಮೇಲೆ ನಿಮ್ಮೋರು ಹೊಂದಿಸ್ಕೊಂಡಿದ್ದಲ್ವಾ ನರ್ಸಮ್ಮ?"

"ಇರಬಹುದು. ಎಲ್ಲಿ ಜೀವ ಇತ್ತು ಅಂತ ಗೊತ್ತಾಗೋದೂ ಚಿಗುರಿದ ಮೇಲೆ ತಾನೆ? ಆದರೆ ಇಷ್ಟು ವರ್ಷ ಓದಿದೀನಿ, ಯಾವ ಮರ ಅಂತ ಕೇಳ್ಕೊಂಡೇ ಇರಲಿಲ್ಲ, ನೀನು ಕೇಳೋವರೆಗೂ. ಆ ಸೀಮೇಲಿ ತೆಂಗು ಎಲ್ಲಿ? ಆಲಿವ್ ಮರ. ನಮ್ಮ ಹೊಂಗೆ ಇದ್ದಂಗೆ, ಕಡಿದ್ರೂ ಚಿಗುರುತ್ತೆ."

"ಹೊಂಗೆ ಚಿಗುರುತ್ತೆ. ನಾನೇನು ಹೊಂಗೆನಾ?"

"ನೀನು ತೆಂಗು ಅಂತ ಯಾರಪ್ಪ ಹೇಳಿದ್ದು?"

ಅವತ್ತು ಪಟ್ಟಿ ಬಿಚ್ಚಿದ್ದೇ ಗೊತ್ತಾಗಲಿಲ್ಲ.

ಗಾಯ ಮಾಗಿದ ಮೇಲೆ ಮನೆ ಹಿಂದೆ ಸಸಿಮಡಿ ಮಾಡಿದೆ. ಯಾವ ತೋಟದ ಯಾವ ಮರ ಬೀಜಕ್ಕೆ ಒಳ್ಳೇದು ಅಂತ ಹತ್ತಿದವನಿಗೆ ಗೊತ್ತಲ್ಲ. ಕಾಯಿ ತರಿಸಿ, ಕೂತಲ್ಲೇ ಊರಿದೆ. ಈಗ ಹುಳಿಯಾರಿನಿಂದಲೂ ನನ್ನ ತೆಂಗಿನ ಸಸಿ ಕೇಳಿಕೊಂಡು ಬರುತ್ತಾರೆ. ಮೊದಲ ಸಸಿ ನೆಟ್ಟಿದ್ದು ನರ್ಸಮ್ಮನ ಮನೆ ಮುಂದೆ. "ಇದು ಫಲ ಬಿಡೋ ಹೊತ್ತಿಗೆ ನಾನಿರ್ತೀನೇನಪ್ಪ?" ಎಂದು ನಕ್ಕಿದ್ದರು. ಇದ್ದರು. ಅದರ ಎಳನೀರು ಕುಡಿದೇ ಹೋದರು.

ಹೋದ ವರ್ಷ ಅವರನ್ನು ಮಣ್ಣು ಮಾಡುವಾಗ ಪಾದ್ರಿಗಳು ಅದೇ ಚಿಗುರಿನ ಪಾಠ ಓದಿದರು. ಅದನ್ನೇ ಓದಬೇಕೆಂದು ನರ್ಸಮ್ಮ ಮೊದಲೇ ಹೇಳಿಟ್ಟಿದ್ದರಂತೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಯಾವ ಮರ ಅಂತ ಯಾರೂ ಕೇಳಲಿಲ್ಲ. ನಾನು ಊರುಗೋಲಿನ ಮೇಲೆ ಭಾರ ಬಿಟ್ಟು ಹಿಂದೆ ನಿಂತಿದ್ದೆ.

"ಹೊಂಗೆ" ಅಂದೆ, ಬಾಯೊಳಗೇ.